ನೆಗಡಿ ಕೂಸಿಗೆ, ಸಿರಪ್ಪು ನಮ್ಮ ಬಾಯಿಗೆ

ಅಕ್ಕಾರ, ತಂಗೇರ, ಅತ್ತೇರ, ಈ ಸಲ ಅಡಿಗಿ ವಿಷಯ ಇಲ್ಲ, ಜಗಳದ ವಿಷಯ ಐತಿ. ಜಗಳ ಯಾರ ಜೋಡಿ ಅಂದ್ರ ಮೊಮ್ಮಕ್ಕಳು ಬಂದಿರೋ ನಮ್ಮಂಥ ಹೆಂಗಸ್ರ ಜೋಡಿನೇ. ಬೇಜಾರಾದ್ರ ಬೈರಿ, ಆದ್ರ ಪೂರ್ತಿ ಓದಿ ಬೈರಿ.

ಕಾರ್ತಿಕ ಮುಗೀತು ಅಂದ್ರ ನಮ್ಮ ಬಳ್ಳಾರ್ಯಾಗ ಚಳಿಗಾಲ. ಎಂಥಾ ಚಳಿ ಅದು, ಬೆಳಿಗ್ಗೆ ಸ್ವೆಟರ್ ಹಾಕ್ಕೊಂಡು ಮಧ್ಯಾಹ್ನ ಫ್ಯಾನ್ ಹಾಕೋ ಚಳಿ. ಆದ್ರೂ ಮೂಗು ಸೋರೋದು ತಪ್ಪಂಗಿಲ್ಲ. ಸಿರುಗುಪ್ಪದ ಕಡಿ ಭತ್ತದ ಕೊಯ್ಲು, ರೈಸ್ ಮಿಲ್ಲಿನ ಧೂಳು. ಕುರುಗೋಡು ಕಡಿ ಮೆಣಸಿನಕಾಯಿ ಕಣದ ಘಾಟು. ಬಳ್ಳಾರ್ಯಾಗ ರಸ್ತೆದ ಕೆಂಪು ಧೂಳು. ಮೂರೂ ಊರಾಗ ನಮ್ಮ ಮಂದಿ ಅದಾರ. ಮೂರೂ ಕಡಿ ಸಣ್ಣ ಕೂಸಿರೋ ಮನಿಗೆ ಹೋಗಿ ನೋಡ್ರಿ, ಕಿಟಕಿ ಕಟ್ಟಿ ಮ್ಯಾಲೆ ಒಂದು ಸಣ್ಣ ಬಾಟ್ಲಿ ನಿಂತಿರ್ತೈತಿ. ಮೂತಿ ಅಂಟಂಟು, ಮುಚ್ಚಳಕ್ಕ ಇರಿವಿ ಮುತ್ತಿರ್ತಾವು. ಹೋದ ವರ್ಷ ದೊಡ್ಡ ಹುಡುಗಗ ತಂದಿದ್ದು, ಈ ವರ್ಷ ಸಣ್ಣದಕ್ಕ ಹಾಕಾಕತ್ತಿರ್ತಾರ.

ನನ್ನ ಮಾತು ಒಂದೇ. ಐದು ವರ್ಷದೊಳಗಿನ ಕೂಸಿನ ನೆಗಡಿ-ಕೆಮ್ಮಿಗೆ ನಾವಾಗಿ ನಾವು ಆ ಬಾಟ್ಲಿ ತರಬಾರದು. ಆ ಬಾಟ್ಲಿ ಕೂಸಿಗೆ ಬೇಕಾಗಿ ಮನಿಗೆ ಬರಂಗಿಲ್ಲ, ನಮ್ಮ ಬಾಯಿಗೆ ಹೆದರಿ ಬರ್ತೈತಿ. ನಾವು ಬಾಯಿ ಮುಚ್ಚಿದ್ರ ಅರ್ಧ ಬಾಟ್ಲಿ ಅಂಗಡ್ಯಾಗೇ ಉಳೀತಾವು.

ಹೆಂಗ ಅಂತ ಹೇಳ್ತೀನಿ. ಕೂಸು ಒಂದು ಸಲ ಸೀನಿದ್ರ ಸಾಕು, ಮನಿ ತುಂಬಾ ಕೋರ್ಟ್ ಕೂಡ್ತೈತಿ. ತಾಯಿ ಕಟಕಟ್ಯಾಗ. "ನಿನ್ನೆ ತಲಿಮ್ಯಾಲೆ ನೀರು ಹಾಕ್ಕೊಂಡಿದ್ದಿ ಅಲ್ಲ?" "ಮೊಸರನ್ನ ತಿಂದ್ಯಾ?" "ಬಾಳೆಹಣ್ಣು ಯಾರು ತಿನ್ನು ಅಂದ್ರು?" "ಕಿವಿಗೆ ಅರಳಿ ಇಟ್ಕೊಳ್ದ ಹೊರಗ ಹೋದ್ರ ಇನ್ನೇನಾಗ್ತೈತಿ?" ಅತ್ತಿ ಕೇಳಿದ ಮ್ಯಾಲೆ ನೆಗೆಣ್ಣಿ ಕೇಳ್ತಾಳ, ಆಮ್ಯಾಲೆ ಎದುರು ಮನ್ಯಾಕಿ ಕೇಳ್ತಾಳ, ಸಂಜಿಕ ತವರುಮನಿಯಿಂದ ಫೋನಿನ್ಯಾಗ ಅವ್ವ ಕೇಳ್ತಾಳ. ಕೊನಿಗೆ ಎಲ್ಲಾರೂ ಸೇರಿ ತೀರ್ಪು ಕೊಡ್ತಾರ: "ಇನ್ನೂ ಔಷಧಿ ಹಾಕಿಲ್ಲೇನು? ಎಂಥಾ ತಾಯಿ ನೀನು!"

ಇಪ್ಪತ್ತೆರಡು ವರ್ಷದ ಹುಡುಗಿ ಏನು ಮಾಡ್ಬೇಕು? ಗಂಡನ್ನ ಮೆಡಿಕಲ್ ಶಾಪಿಗೆ ಕಳಿಸ್ತಾಳ. ಅವ "ನೆಗಡಿ, ಕೆಮ್ಮು, ಒಂದು ವರ್ಷದ ಕೂಸು" ಅಂತಾನ, ಅಂಗಡ್ಯಾವ ಒಂದು ಬಾಟ್ಲಿ ಕೊಡ್ತಾನ. ಬಾಟ್ಲಿ ಮನಿಗೆ ಬಂದ ಕೂಡ್ಲೇ ಎಲ್ಲಾರ ಬಾಯಿ ಮುಚ್ತಾವು. ಮೂಗು ಹಂಗೇ ಸೋರ್ತಿರ್ತೈತಿ. ಔಷಧಿ ಕೆಲಸ ಮಾಡಿದ್ದು ಯಾರ ಮ್ಯಾಲೆ ಅಂತ ನೀವೇ ಹೇಳ್ರಿ.

ನಾನು ಡಾಕ್ಟರ್ ಅಲ್ಲ, ಪಿಯುಸಿ ಓದಿದಾಕಿ. ಆದ್ರ ಓದಿದ್ದು ತಿಳಕೊಳ್ಳೋವಷ್ಟು ಕನ್ನಡ ಬರ್ತೈತಿ. ಮೊದಲನೇದು, ನೆಗಡಿ ಬರೋದು ವೈರಸ್ಸಿನಿಂದ. ಒಂದಲ್ಲ, ಇನ್ನೂರಕ್ಕೂ ಹೆಚ್ಚು ಬಗೆ ವೈರಸ್ ಅದಾವು. ಅದಕ್ಕೇ ಒಂದು ಸಲ ಬಂದು ಹೋದ್ರೂ ಮತ್ತೊಂದು ಬರ್ತೈತಿ. ಸಣ್ಣ ಮಕ್ಕಳಿಗೆ ವರ್ಷಕ್ಕ ಆರರಿಂದ ಎಂಟು ಸಲ ನೆಗಡಿ ಬರೋದು ಮಾಮೂಲಿ. ಅಂಗನವಾಡಿಗೆ ಹೋಗೋದಕ್ಕ ಶುರು ಮಾಡಿದ ವರ್ಷ ಇನ್ನೂ ಹೆಚ್ಚು. ಅದು ತಾಯಿ ತಪ್ಪಲ್ಲ, ಕೂಸಿನ ಮೈಗೆ ಅದು ಪಾಠ. ಏಳರಿಂದ ಹತ್ತು ದಿನದಾಗ ಮೂಗು ಸೋರೋದು ತಾನೇ ನಿಲ್ತೈತಿ, ಕೆಮ್ಮು ಎರಡು-ಮೂರು ವಾರ ಎಳೀಬಹುದು. "ಔಷಧಿ ತಗೊಂಡ್ರ ಒಂದು ವಾರ, ತಗೊಳ್ಳದಿದ್ರ ಏಳು ದಿನ" ಅಂತ ನಗಾಡ್ತೀವಲ್ಲ, ಅದು ನಗಿ ಮಾತಲ್ಲ, ಲೆಕ್ಕ.

ತಲಿಸ್ನಾನ, ಮೊಸರು, ತಣ್ಣೀರಿನ ಮ್ಯಾಲೆ ಎಷ್ಟು ಅಪವಾದ ಹೊರಿಸೀವಿ! ಇಂಗ್ಲೆಂಡಿನ ಸಾಲಿಸ್ಬರಿ ಅನ್ನೋ ಊರಾಗ 1946ರಾಗ ಬರೀ ನೆಗಡಿ ಬಗ್ಗೆ ತಿಳಕೊಳ್ಳಾಕ ಅಂತಲೇ ಒಂದು ಸಂಸ್ಥೆ ಶುರು ಮಾಡಿದ್ರು. ಸ್ವಂತ ಇಷ್ಟದಿಂದ ಬಂದ ಜನಕ್ಕ ಬಿಸಿನೀರು ಸ್ನಾನ ಮಾಡಿಸಿ, ಒದ್ದಿ ಮೈಯಾಗೇ ಗಾಳಿ ಬೀಸೋ ಕಡಿ ನಿಲ್ಲಿಸಿದ್ರು, ಹಸಿ ಕಾಲ್ಚೀಲ ಹಾಕಿಸಿದ್ರು. ಬರೀ ಥಂಡಿಯಿಂದ ಯಾರಿಗೂ ನೆಗಡಿ ಬರಲಿಲ್ಲ. ವೈರಸ್ ಮೂಗಿಗೆ ಹೋದೋರಿಗೆ ಬಂತು. ಹಂಗಾದ್ರ ಚಳಿಗಾಲದಾಗ ಯಾಕ ಹೆಚ್ಚು? ತಣ್ಣಗಿನ ಮೂಗಿನಾಗ ಈ ವೈರಸ್ ಚೆನ್ನಾಗಿ ಬೆಳೀತೈತಿ. ನಾವು ಬಾಗಿಲು ಕಿಟಕಿ ಹಾಕ್ಕೊಂಡು ಒಂದೇ ಕೋಣ್ಯಾಗ ಎಂಟು ಜನ ಒಬ್ಬರ ಉಸಿರು ಒಬ್ಬರು ಕುಡದು ಮಲಗ್ತೀವಿ. ಒಬ್ಬರಿಗೆ ಬಂದಿದ್ದು ಎಂಟೂ ಮಂದಿಗೆ ಹೋಗ್ತೈತಿ. ಬಾಣಂತಿ ಮೊಸರು ಬಿಟ್ಟು, ಹಣ್ಣು ಬಿಟ್ಟು, ಬರೀ ಬೆಳ್ಳುಳ್ಳಿ ಖಾರ ಅನ್ನ ತಿಂದು ಒಣಗಿದ್ರ ವೈರಸ್ಸಿಗೇನು ನಷ್ಟ? ನಷ್ಟ ಆಗೋದು ಆಕಿಗೆ.

ಎರಡನೇದು, ಆ ಬಾಟ್ಲ್ಯಾಗ ಏನೈತಿ? ವೈರಸ್ ಸಾಯಿಸೋದು ಏನೂ ಇಲ್ಲ. ಮೂಗು ಒಣಗಿಸೋದು, ನಿದ್ದಿ ಬರಿಸೋದು, ಸಿಹಿ, ಬಣ್ಣ. ಹಿಂಗ ಎರಡು-ಮೂರು ಕೂಡಿಸಿ ಮಾಡಿರ್ತಾರ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ಲಿನ ಮ್ಯಾಲೆ ಬರೀಬೇಕು ಅಂತ 2023ರ ಡಿಸೆಂಬರ್‌ನಾಗೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ರು. ನಮ್ಮ ಕಿಟಕಿ ಮ್ಯಾಲಿನ ಬಾಟ್ಲಿ ಲೇಬಲ್ ಎಷ್ಟು ಜನ ಓದೀವಿ? ಅಕ್ಷರ ಇರಿವಿಗಿಂತ ಸಣ್ಣವು, ಅದೂ ಇಂಗ್ಲಿಷಿನ್ಯಾಗ.

ಇನ್ನ 2025ರ ಸೆಪ್ಟೆಂಬರ್-ಅಕ್ಟೋಬರ್ ಸುದ್ದಿ ನೀವೆಲ್ಲಾ ಟಿವ್ಯಾಗ ನೋಡೀರಿ. ಮಧ್ಯಪ್ರದೇಶದ ಛಿಂದ್ವಾರಾ ಕಡಿ ಸಾಮಾನ್ಯ ನೆಗಡಿ-ಕೆಮ್ಮು-ಜ್ವರ ಅಂತ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹೋದವು. ಹೆಚ್ಚಿನವು ಐದು ವರ್ಷದೊಳಗಿನವು. ಮೊದಲು ಮೂತ್ರ ನಿಂತ್ವು, ಆಮ್ಯಾಲೆ ಮೂತ್ರಪಿಂಡ ಕೆಟ್ಟವು. ಆ ಕೋಲ್ಡ್ರಿಫ್ ಅನ್ನೋ ಸಿರಪ್ಪನ್ನ ತಮಿಳುನಾಡಿನಾಗ ಪರೀಕ್ಷೆ ಮಾಡಿದಾಗ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಶೇಕಡಾ 48.6 ಇತ್ತು. ಇರಬಹುದಾದ ಮಿತಿ ಶೇಕಡಾ 0.1. ಅದು ಕಾರ್ಖಾನ್ಯಾಗ ಬಳಸೋ ದ್ರಾವಕ, ರುಚಿ ಸಿಹಿ, ಕೂಸಿಗೆ ಗೊತ್ತಾಗಂಗಿಲ್ಲ. 2022ರಾಗ ಆಫ್ರಿಕಾದ ಗ್ಯಾಂಬಿಯಾ ದೇಶದಾಗೂ ನಮ್ಮ ದೇಶದಿಂದ ಹೋದ ಸಿರಪ್ ಕುಡಿದ ಸುಮಾರು 70 ಮಕ್ಕಳು ಸತ್ತಿದ್ರು.

"ಅಲ್ಲಿ ಡಾಕ್ಟ್ರೇ ಬರಕೊಟ್ಟಿದ್ರಲ್ಲ, ತಾಯಂದಿರದ್ದೇನು ತಪ್ಪು?" ಅಂತ ಕೇಳ್ತೀರಿ. ಖರೆ, ತಾಯಂದಿರದ್ದು ತಪ್ಪೇ ಇಲ್ಲ. ವಿಷ ಮಾಡಿದೋರದ್ದು, ನೋಡದ ಬಿಟ್ಟೋರದ್ದು ತಪ್ಪು. ಆದ್ರ ನಾನು ಹೇಳೋದು ಬ್ಯಾರೆ. ಬಾಟ್ಲ್ಯಾಗ ಏನೈತಿ ಅಂತ ನಮಗ ನೋಡಾಕ ಬರಂಗಿಲ್ಲ. ಬೇಕೇ ಬೇಕಾದ ಔಷಧಿಗೆ ಆ ಧೈರ್ಯ ಮಾಡ್ಬೇಕಾಗ್ತೈತಿ. ತಾನೇ ಹೋಗೋ ನೆಗಡಿಗೆ ಯಾಕ ಮಾಡ್ಬೇಕು? 2025ರ ಅಕ್ಟೋಬರ್ 3ಕ್ಕ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸ್ಪಷ್ಟವಾಗಿ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಔಷಧಿ ಬರೀಬಾರದು, ಕೊಡಬಾರದು. ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಕಾಗಂಗಿಲ್ಲ. ಇದಕ್ಕಿಂತ ಬಿಡಿಸಿ ಯಾರು ಹೇಳ್ಬೇಕು?

ಮೂರನೇದು, ಗುಳಿಗಿ ಮತ್ತು ಸೂಜಿ. "ಸಿಂಬಳ ಹಳದಿ ಆಗೈತಿ, ಆಂಟಿಬಯಾಟಿಕ್ ಬೇಕು" ಅಂತೀವಿ. ನೆಗಡಿಯಾಗ ಮೂರ್ನಾಲ್ಕು ದಿನಕ್ಕ ಸಿಂಬಳ ಹಳದಿ, ಹಸಿರು ಆಗೋದು ಸಹಜ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕ, ವೈರಸ್ಸಿಗಲ್ಲ. ಆ ಗುಳಿಗಿ ಚೀಟಿ ಮ್ಯಾಲೆ ಕೆಂಪು ಗೆರಿ ಎಳೆದಿರ್ತಾರ, ಡಾಕ್ಟರ್ ಚೀಟಿ ಇಲ್ದ ತಗೋಬ್ಯಾಡ್ರಿ ಅಂತ ಅದರ ಅರ್ಥ. ನಾವು ಪಕ್ಕದ ಮನ್ಯಾಕಿ ಉಳಿಸಿದ ನಾಲ್ಕು ಗುಳಿಗಿ ಇಸ್ಕೊಂಡು, ಎರಡು ನುಂಗಿ, ಇನ್ನೆರಡು ಡಬ್ಬ್ಯಾಗ ಎತ್ತಿಡ್ತೀವಿ. ನಾಳೆ ಖರೇವಂದ್ರೂ ನ್ಯುಮೋನಿಯಾ ಬಂದಾಗ ಆ ಗುಳಿಗಿ ಮಾತು ಕೇಳಂಗಿಲ್ಲ.

ಸೂಜಿ ಹಾಕ್ಲಿಲ್ಲ ಅಂದ್ರ "ಆ ಡಾಕ್ಟ್ರಿಗೆ ಏನೂ ಬರಂಗಿಲ್ಲ" ಅಂತ ಊರ ತುಂಬಾ ಹೇಳೋರೂ ನಾವೇ. ನೆಗಡಿ ಜ್ವರಕ್ಕ "ಒಂದು ಗ್ಲೂಕೋಸ್ ಏರಿಸ್ರಿ, ಶಕ್ತಿ ಬರ್ತೈತಿ" ಅಂತ ಕೈ ಚಾಚಿ ಮಲಗೋರೂ ನಾವೇ. 2024ರ ನವೆಂಬರ್‌ನಾಗ ನಮ್ಮ ಬಳ್ಳಾರ್ಯಾಗೇ ಸಿಸೇರಿಯನ್ ಆದ ಬಾಣಂತ್ಯಾರು ಒಬ್ಬರ ಹಿಂದ ಒಬ್ಬರು ತೀರಿಹೋದ್ರು. ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮ್ಯಾಲೇ ಸರ್ಕಾರಕ್ಕ ಅನುಮಾನ ಬಂತು. ಅವರಿಗೆ ಅದು ಬೇಕಾಗಿತ್ತು. ಬಾಯಿಂದ ನೀರು ಕುಡಿಯಾಕ ಬರೋ ನಮಗ ನೆಗಡಿಗೆ ಯಾಕ ಬೇಕು? ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರಂತ ಅನ್ನೋ ಗಾದಿ ಸುಮ್ನ ಹುಟ್ಟಿಲ್ಲ.

ಈಗ ನಿಮ್ಮ ವಾದಕ್ಕ ಬರ್ತೀನಿ. ಒಂದು: "ನಮ್ಮ ಮಕ್ಕಳೆಲ್ಲಾ ಅದೇ ಕುಡಿದು ಬೆಳದಾರ, ಏನೂ ಆಗಿಲ್ಲ." ಬೆಳದಾರ, ಹೌದು. ಕುಡಿದಿದ್ದಕ್ಕ ಬೆಳದಿಲ್ಲ, ಕುಡಿದ್ರೂ ಬೆಳದಾರ. ಹೆಲ್ಮೆಟ್ ಇಲ್ದ ಗಾಡಿ ಓಡಿಸಿದೋರೆಲ್ಲಾ ಸತ್ತಿಲ್ಲ, ಅಂದ್ರ ಹೆಲ್ಮೆಟ್ ಬ್ಯಾಡ ಅಂತೀರೇನು? ನಮ್ಮ ಮಾತು ಕೇಳಿ ಪಕ್ಕದ ಮನಿ ಹುಡುಗಿ ತನ್ನ ಕೂಸಿಗೆ ಹಾಕ್ತಾಳ. ಕಂಡೋರ ಮಕ್ಕಳ್ನ ಬಾವಿಗೆ ತಳ್ಳಿ ಆಳ ನೋಡೋ ಕೆಲಸ ಬ್ಯಾಡ.

ಎರಡು: "ಕೂಸು ರಾತ್ರಿ ಎಲ್ಲಾ ಅಳ್ತೈತಿ. ಬೆಳಿಗ್ಗೆ ಎದ್ದು ಮೆಣಸಿನಕಾಯಿ ಬಿಡಸಾಕ ಹೋಗ್ಬೇಕು, ನಾಟಿಗೆ ಹೋಗ್ಬೇಕು. ಸಿರಪ್ ಹಾಕಿದ್ರ ಮಲಗ್ತೈತಿ." ಇದೊಂದು ವಾದಕ್ಕ ನಾನು ತಲಿ ಬಾಗ್ತೀನಿ, ಯಾಕಂದ್ರ ಇದರಾಗ ಹೊಟ್ಟಿ ಪ್ರಶ್ನೆ ಐತಿ. ಕೂಲಿ ತಪ್ಪಿದ್ರ ಒಲಿ ಉರಿಯಂಗಿಲ್ಲ. ಆದ್ರ ಆ ನಿದ್ದಿ ಆರಾಮಾದ ನಿದ್ದಿ ಅಲ್ಲ, ಔಷಧಿ ಮಂಪರು. ಮಂಪರಿನಾಗಿರೋ ಕೂಸು ಸರಿಯಾಗಿ ಹಾಲು ಕುಡಿಯಂಗಿಲ್ಲ, ಉಸಿರು ಕಟ್ಟಾಕತ್ತಿದ್ರೂ ನಮಗ ಬೇಗ ಗೊತ್ತಾಗಂಗಿಲ್ಲ. ಆ ತಾಯಿಗೆ ಬೇಕಾಗಿದ್ದು ಬಾಟ್ಲಿ ಅಲ್ಲ, ಕೂಸಿನ್ನ ಎತ್ಕೊಳ್ಳಾಕ ಇನ್ನೊಂದು ಜೊತಿ ಕೈ. ಆ ಕೈ ನಮ್ಮವು. "ಔಷಧಿ ಹಾಕು" ಅಂತ ಹೇಳಾಕ ಒಂದು ನಿಮಿಷ ಸಾಕು. ಕೂಸಿನ್ನ ಹೆಗಲಿಗೆ ಹಾಕ್ಕೊಂಡು ಎರಡು ತಾಸು ಅಡ್ಡಾಡಿದ್ರ ಸೊಸಿ ಮಲಗ್ತಾಳ, ಕೂಸೂ ಮಲಗ್ತೈತಿ.

ಮೂರು: "ಹಂಗಾದ್ರ ನಮ್ಮ ಅಜ್ಜಿ ಕಾಲದ ಮನಿಮದ್ದೇ ಒಳ್ಳೇದಲ್ಲ?" ಇದಕ್ಕೂ ಪೂರ್ತಿ ಹೂಂ ಅನ್ನಂಗಿಲ್ಲ. ಮನ್ಯಾಗ ಮಾಡಿದ್ದೆಲ್ಲಾ ಮದ್ದಲ್ಲ. ಕೂಸಿನ ಮೂಗಿಗೆ ಎಣ್ಣಿ ಬಿಡೋದು ಬ್ಯಾಡ, ಎಣ್ಣಿ ಪುಪ್ಪುಸಕ್ಕ ಇಳಿದ್ರ ನ್ಯುಮೋನಿಯಾ ಆಗ್ತೈತಿ. ಕರ್ಪೂರ ಕೂಸಿನ ಮೂಗಿನ ಹತ್ರ, ಎದಿಗೆ ಹಚ್ಚೋದು ಬ್ಯಾಡ, ವಿಕ್ಸ್ ಡಬ್ಬಿ ಮ್ಯಾಲೇ ಎರಡು ವರ್ಷ ಆದ ಮ್ಯಾಲೆ ಅಂತ ಐತಿ. ಬಾಗಿಲು ಹಾಕಿ ಸಾಂಬ್ರಾಣಿ ಹೊಗಿ ಹಾಕೋದು ಬ್ಯಾಡ, ಕಟ್ಟಿದ ಮೂಗಿಗೆ ಹೊಗಿ ಯಾರಿಗೆ ಬೇಕು? ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸೋದು ಬ್ಯಾಡ. ಕುದಿಯೋ ನೀರಿನ ಪಾತ್ರಿ ಮುಂದ ಹುಡುಗ್ರನ್ನ ಕೂಡಿಸಿ ಹಬಿ ಕೊಡೋದು ಬ್ಯಾಡ, ಚೆಲ್ಲಿದ್ರ ಸುಡ್ತೈತಿ. ಹೊಟ್ಟಿ ಮ್ಯಾಲೆ ಬರಿ ಹಾಕೋದು ಮದ್ದಲ್ಲ, ಹಿಂಸೆ. ಹಾಕಿಸೋರನ್ನ ಕಂಡ್ರ ಕೈ ಹಿಡಿದು ನಿಲ್ಲಿಸ್ರಿ.

ಹಂಗಂದ್ರ ಏನು ಮಾಡ್ಬೇಕು? ಎದಿಹಾಲು ಕುಡಿಯೋ ಕೂಸಿಗೆ ಸ್ವಲ್ಪ ಸ್ವಲ್ಪ, ಪದೇ ಪದೇ ಹಾಲು. ಮೂಗು ಕಟ್ಟಿದ್ರ ಹಾಲು ಕುಡಿಯೋ ಮೊದಲು ಬರೀ ಉಪ್ಪುನೀರಿನ ಸಲೈನ್ ಹನಿ, ಅಂಗಡ್ಯಾಗ ಸಿಗ್ತಾವು, ಒಂದೆರಡು ಹನಿ ಬಿಟ್ಟು ಮೆತ್ತಗಿನ ಬಟ್ಟಿಲಿಂದ ಒರೆಸ್ರಿ. ವರ್ಷ ದಾಟಿದ ಮಕ್ಕಳಿಗೆ ಮಲಗೋ ಮುಂದ ಅರ್ಧ ಚಮಚ ಜೇನು, ಗಂಟಲಿಗೆ ಹಿತ. ಬಿಸಿ ಬಿಸಿ ಗಂಜಿ, ತಿಳಿ ಬ್ಯಾಳಿ ಸಾರು. ನಮ್ಮಂಥ ದೊಡ್ಡೋರಿಗೆ ಮೆಣಸಿನ ಸಾರು, ಹುರುಳಿಕಟ್ಟಿನ ಸಾರು, ಶುಂಠಿ-ಬೆಲ್ಲದ ಕಷಾಯ, ಅರಿಷಿಣ ಹಾಲು. ಇವು ನೆಗಡಿ ಓಡಸಂಗಿಲ್ಲ, ಓಡೋತನಕ ಮೈಗೆ ಆರಾಮ ಕೊಡ್ತಾವು. ಜ್ವರ ಇದ್ರ ಪ್ಯಾರಸಿಟಮಾಲ್ ಸಾಕು, ಅದೂ ಕೂಸಿನ ತೂಕ ನೋಡಿ ಡಾಕ್ಟ್ರು ಹೇಳಿದಷ್ಟು, ಅಂದಾಜಿನ ಚಮಚದಾಗ ಅಲ್ಲ.

ಬರದಂಗ ಮಾಡಾಕ ನಮ್ಮ ಕೈಯಾಗ ಎರಡು ಕೆಲಸ ಅದಾವು, ಎರಡಕ್ಕೂ ದುಡ್ಡು ಬೇಕಾಗಿಲ್ಲ. ಒಂದು, ಸೆರಗು. ಒಂದೇ ಸೆರಗಿನಾಗ ದೊಡ್ಡ ಹುಡುಗನ ಮೂಗು ಒರೆಸಿ, ಅದರಾಗೇ ತಾಟು ಒರೆಸಿ, ಅದರಾಗೇ ಸಣ್ಣ ಕೂಸಿನ ಬಾಯಿ ಒರೆಸ್ತೀವಿ. ವೈರಸ್ಸಿಗೆ ಇದಕ್ಕಿಂತ ಒಳ್ಳೇ ಬಸ್ ಎಲ್ಲಿ ಸಿಗ್ತೈತಿ? ಹಳೇ ಪಂಚಿ ಹರಿದು ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ತುಂಡು ಮಾಡ್ರಿ, ಸೋಪಿನಾಗ ಒಗೆದು ನಮ್ಮ ಬಳ್ಳಾರಿ ಬಿಸಿಲಿಗೆ ಹಾಕ್ರಿ. ಮೂಗು ಒರೆಸಿದ ಮ್ಯಾಲೆ ಸೋಪು ಹಚ್ಚಿ ಕೈ ತೊಳೀರಿ. ಎರಡು, ತೊಟ್ಟಿಲ ಶಾಸ್ತ್ರಕ್ಕ, ಬಾಣಂತಿ ನೋಡಾಕ ಹೋದಾಗ ಮೂಗು ಸೋರ್ತಿದ್ರ ಕೂಸಿನ್ನ ಎತ್ಕೋಬ್ಯಾಡ್ರಿ, ಮುದ್ದು ಕೊಡಬ್ಯಾಡ್ರಿ. "ಎತ್ಕೊಳ್ಳಲಿಲ್ಲ" ಅಂತ ಯಾರಾದ್ರೂ ಮುನಿಸ್ಕೊಂಡ್ರ ನನ್ನ ಹೆಸರು ಹೇಳ್ರಿ.

ಲಸಿಕಿ ಮರೀಬ್ಯಾಡ್ರಿ. ನ್ಯುಮೋನಿಯಾ ತಡೆಯೋ ಪಿಸಿವಿ ಲಸಿಕಿ ಆರು ವಾರಕ್ಕ, ಹದಿನಾಲ್ಕು ವಾರಕ್ಕ, ಒಂಬತ್ತು ತಿಂಗಳಿಗೆ ಸರ್ಕಾರದಿಂದ ಪುಕ್ಕಟೆ. ನೆಗಡಿ ತಡೆಯಂಗಿಲ್ಲ, ಜೀವ ಉಳಿಸ್ತೈತಿ.

ಔಷಧಿ ಬ್ಯಾಡ ಅಂದ್ರ ಸುಮ್ನ ಕೂಡ್ರಿ ಅಂತಲ್ಲ. ನೋಡ್ಕೋತ ಕೂಡ್ರಿ. ಬಾಟ್ಲಿ ಇಲ್ದ ಇರೋದಕ್ಕ ಕಣ್ಣು ಹೆಚ್ಚು ಬೇಕು. ಕೂಸು ಅಳದ ಸುಮ್ಮನಿದ್ದಾಗ ಅಂಗಿ ಮ್ಯಾಲೆತ್ತಿ, ಮೊಬೈಲಿನ್ಯಾಗ ಪೂರ್ತಿ ಒಂದು ನಿಮಿಷ ಇಟ್ಕೊಂಡು ಹೊಟ್ಟಿ ಎಷ್ಟು ಸಲ ಏಳ್ತೈತಿ ಎಣಿಸ್ರಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗ 40 ಅಥವಾ ಹೆಚ್ಚು ಇದ್ರ ಅದು ಬರೀ ನೆಗಡಿ ಅಲ್ಲ. ಉಸಿರೆಳೆದಾಗ ಪಕ್ಕಿ ಕೆಳಗ ಗುಳಿ ಬಿದ್ರ, ಹಾಲು-ನೀರು ಕುಡಿಯದಿದ್ರ, ಕುಡಿದಿದ್ದೆಲ್ಲಾ ಕಾರಿದ್ರ, ಫಿಟ್ಸ್ ಬಂದ್ರ, ಎಬ್ಬಿಸಿದ್ರೂ ಏಳದ ಮಂಕಾಗಿ ಬಿದ್ರ, ತುಟಿ ನೀಲಿ ಆದ್ರ, ಮೂತ್ರ ಕಮ್ಮಿ ಆದ್ರ ಒಂದು ಗಳಿಗಿ ನಿಲ್ಲಬ್ಯಾಡ್ರಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದ್ರೂ ಅಷ್ಟೇ. 108ಕ್ಕ ಫೋನ್ ಮಾಡ್ರಿ, ಸಿರುಗುಪ್ಪದಾಗಿರಲಿ, ಕುರುಗೋಡಿನಾಗಿರಲಿ, ಹತ್ರದ ಸರ್ಕಾರಿ ಆಸ್ಪತ್ರಿಗೆ ಹೋಗ್ರಿ. ಅವಾಗ ಕಷಾಯ, ದೃಷ್ಟಿ ತೆಗಿಯೋದು, ಅಮಾಸಿ ಲೆಕ್ಕ ಯಾವುದೂ ಬ್ಯಾಡ. ಅವಾಗ ಡಾಕ್ಟ್ರು ಆಂಟಿಬಯಾಟಿಕ್ ಕೊಟ್ರ ಒಂದು ಡೋಸೂ ತಪ್ಪಿಸಬ್ಯಾಡ್ರಿ.

ಇನ್ನು ನಮ್ಮ ಪಾಲಿಗೆ ಉಳಿಯೋದು ನಾಲಿಗಿ. ಸೀನೋ ಕೂಸಿನ್ನ ಕಂಡಾಗ "ಔಷಧಿ ಹಾಕಿಲ್ಲೇನು?" ಅಂತ ಕೇಳಬ್ಯಾಡ್ರಿ. "ಹಾಲು ಕುಡೀತೈತಾ? ಉಸಿರು ಎಣಿಸಿ ನೋಡಿದ್ಯಾ?" ಅಂತ ಕೇಳ್ರಿ. "ತಲಿಸ್ನಾನ ಯಾಕ ಮಾಡಿದಿ?" ಅನ್ನೋ ಬದ್ಲು "ನೀ ಊಟ ಮಾಡಿದ್ಯಾ?" ಅನ್ರಿ. ಡಾಕ್ಟ್ರು ಏನೂ ಬರೀದ ಕಳಿಸಿದ್ರ "ಒಳ್ಳೇ ಡಾಕ್ಟ್ರು" ಅನ್ರಿ. ಬರದ್ರ "ಸರ್, ಇದು ಇಲ್ದಿದ್ರ ನಡಿಯಂಗಿಲ್ಲೇನು?" ಅಂತ ಕೇಳಾಕ ಸೊಸಿಗೆ ಧೈರ್ಯ ಕೊಡ್ರಿ, ಜೊತಿಗೆ ಹೋಗಿ ನೀವೇ ಕೇಳ್ರಿ.

ಇವತ್ತು ಸಂಜಿ ದೀಪ ಹಚ್ಚೋ ಮೊದಲು ಕಿಟಕಿ ಕಟ್ಟಿ ಮ್ಯಾಲೆ ಕೈ ಆಡಿಸ್ರಿ. ಹೋದ ವರ್ಷದ ಬಾಟ್ಲಿ ಸಿಕ್ರ ಪಕ್ಕದ ಮನಿಗೆ ಕೊಡಬ್ಯಾಡ್ರಿ, ಹುಡುಗ್ರ ಕೈಗೆ ಸಿಗದಂಗ ಚೆಲ್ರಿ. ಆಮ್ಯಾಲೆ ಕೂಸಿನ್ನ ಸೊಸಿ ಕೈಯಿಂದ ಇಸ್ಕೊಳ್ರಿ.